ಬೋರ್ಡಿನ ಮೂಲೆಯ ಆ ಪಟ್ಟಿ

ರಬಕವಿ-ಬನಹಟ್ಟಿ ಕಡೆಯ ಪ್ರಾಥಮಿಕ ಶಾಲೆಗಳಿಗೆ ಆಪ್ತಸಮಾಲೋಚನೆಗೆ ಹೋದಾಗ ನನ್ನ ಕಣ್ಣು ಮೊದಲು ಹೋಗುವುದು ಬೋರ್ಡಿನ ಬಲಮೂಲೆಗೆ. ‘ಗದ್ದಲ ಮಾಡಿದವರು’ ಎಂದು ಬರೆದು, ಅಡಿಗೆರೆ ಎಳೆದು, ಕೆಳಗೆ ಹೆಸರುಗಳ ಸಾಲು. ಮಾನಿಟರ್ ಬರೆದದ್ದು. ಮತ್ತೆ ಮತ್ತೆ ಮಾತಾಡಿದವರ ಹೆಸರಿನ ಮುಂದೆ ಗುಣಾಕಾರದ ಚಿಹ್ನೆಗಳು. ಜೂನ್‌ನಲ್ಲಿ ಇದ್ದ ಹೆಸರುಗಳೇ ಜನವರಿಯಲ್ಲೂ ಇರುತ್ತವೆ. ಅಕ್ಕೋರನ್ನು ಕೇಳಿದರೆ, "ಬರದ್ರೂ ಹಂಗ, ಬಿಟ್ರೂ ಹಂಗ ರೀ ಮೇಡಂ" ಅನ್ನುತ್ತಾರೆ. ಮತ್ತೆ ಯಾಕವ್ವಾ ಬರೆಸ್ತೀರಿ?

ತುಂಬಿದ ತರಗತಿಯಲ್ಲಿ ಎಷ್ಟೋ ಮಕ್ಕಳಿಗೆ ತಮ್ಮ ಹೆಸರು ಕೇಳಿಬರುವುದು ಹಾಜರಿ ಕೂಗುವಾಗ ಮಾತ್ರ. ಇನ್ನೊಮ್ಮೆ ಕೇಳಬೇಕೆಂದರೆ ಗದ್ದಲ ಮಾಡಬೇಕು. ಬೈಗುಳವಾದರೂ ಸರಿ, ಗುರುಗಳು ತನ್ನ ಕಡೆ ನೋಡಿದರಲ್ಲ! 1968ರಲ್ಲಿ ಅಮೆರಿಕದ ಒಂದನೇ ತರಗತಿಯ ಮಕ್ಕಳ ಮೇಲೆ ನಡೆದ ಅಧ್ಯಯನವೊಂದಿದೆ. ಶಿಕ್ಷಕರು ‘ಕೂತ್ಕೊಳ್ಳಿ’ ಎಂದು ಹೆಚ್ಚು ಸಲ ಹೇಳಿದಷ್ಟೂ ಎದ್ದು ನಿಲ್ಲುವ ಮಕ್ಕಳು ಹೆಚ್ಚಾದರು. ಕೂತು ಕೆಲಸ ಮಾಡುವವರನ್ನು ಮೆಚ್ಚಿ ಮಾತಾಡತೊಡಗಿದಾಗ ಎದ್ದೇಳುವುದು ಇಳಿಯಿತು.

ಇದನ್ನು ಹೇಳಿದ ಕೂಡಲೇ, "ಹಂಗಾರ ಹೊಡದಾಡಿದ್ರೂ ನೋಡ್ಕೋತ ಕುಂದ್ರೂದೇನ್ರಿ?" ಎಂಬ ಪ್ರಶ್ನೆ ಬರುತ್ತದೆ. ಅಲ್ಲ. ಹೊಡೆದಾಟವನ್ನು ಆ ಕ್ಷಣವೇ, ಸಣ್ಣ ದನಿಯಲ್ಲಿ, ಎರಡೇ ಮಾತಿನಲ್ಲಿ ನಿಲ್ಲಿಸಿ. ಎಲ್ಲರೆದುರು ಮಾನ ಕಳೆಯಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆತದ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ನಾನು ಕೇಳುತ್ತಿರುವುದು ಉಳಿದ ಹೊತ್ತಿನ ಮಾತು. ಅದೇ ಹುಡುಗ ಸುಮ್ಮನೆ ಲೆಕ್ಕ ಬಿಡಿಸುತ್ತಿದ್ದಾಗ ನೀವು ಎಲ್ಲಿದ್ದಿರಿ?

ಕೆಲವರು ಅರ್ಧ ಕೇಳಿಸಿಕೊಂಡು ಹೋಗಿ ‘ಒಳ್ಳೆಯ ಮಕ್ಕಳು’ ಎಂಬ ಹೊಸ ಪಟ್ಟಿ ಶುರುಮಾಡುತ್ತಾರೆ. ನೋಡಿದರೆ ಅದರಲ್ಲಿ ಮೊದಲ ಬೆಂಚಿನ ಹುಡುಗಿಯರೇ! ಅವರಿಗೆ ಅದು ಬೇಕಾಗಿಯೇ ಇರಲಿಲ್ಲ. ಹಿಂದಿನ ಸಾಲಿನವನಿಗೆ ‘ಶಾಣ್ಯಾ’ ಅಂದರೂ ನಾಳೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. "ನಳದ ಮುಂದ ಪಾಳಿ ಮುರೀಲಾರದ ನಿಂತಿದ್ದಿ, ನಾ ನೋಡೀನಿ" ಅಂದರೆ ತಿಳಿಯುತ್ತದೆ. ಮಾಡಿದ ಕೆಲಸದ ಹೆಸರು ಹೇಳಬೇಕು, ಆಗಲೇ ಹೇಳಬೇಕು, ಹತ್ತಿರ ಹೋಗಿ ಹೇಳಬೇಕು. ಶನಿವಾರದ ಪ್ರಾರ್ಥನೆಯಲ್ಲಿ ಮೈಕ್ ಹಿಡಿದು ಹೇಳಿದರೆ ಹುಡುಗನಿಗೆ ಅದು ಯಾವತ್ತಿನ ಮಾತೆಂದೇ ನೆನಪಿರುವುದಿಲ್ಲ.

ಮೂರನೇ ತರಗತಿಯ ಹುಡುಗನೊಬ್ಬನ ಮನೆಯ ಪಡಸಾಲೆಯಲ್ಲೇ ಪವರ್‌ಲೂಮ್. ಮನೆಮಂದಿಯೆಲ್ಲ ಅದರ ಸದ್ದಿನ ಮೇಲೆ ಮಾತಾಡುವವರು. ಅವನ ಸಹಜ ದನಿ ನಮಗೆ ಕಿರುಚಾಟ. ಪಟ್ಟಿಯಲ್ಲಿ ಸದಾ ಮೊದಲಿಗ. ಅವನ ಅಕ್ಕೋರು ಜಾಣೆ. ‘ಮಗ್ಗದ ದನಿ’, ‘ಸಾಲಿ ದನಿ’ ಎಂದು ಎರಡನ್ನೂ ಅವನಿಂದಲೇ ಮಾಡಿಸಿ ತೋರಿಸಿದರು. ಒಂದು ಮಧ್ಯಾಹ್ನ ಅವನು ಪಕ್ಕದವನ ಹತ್ತಿರ ಪಿಸುಗುಟ್ಟಿ ರಬ್ಬರ್ ಕೇಳುತ್ತಿದ್ದ. ಇವರು ಹೋಗಿ ಬಗ್ಗಿ ಹೆಸರು ಕರೆದರು. ಹುಡುಗ ರೂಢಿಯಂತೆ ಎದ್ದು ಬಾಗಿಲ ಹೊರಗೆ ನಿಲ್ಲಲು ಹೊರಟೇಬಿಟ್ಟ! "ಎಲ್ಲಿಗ್ಯೋ? ಸಾಲಿ ದನ್ಯಾಗ ರಬ್ಬರ್ ಕೇಳಿದೆಲ್ಲ, ಅದನ್ನ ಹೇಳಾಕ ಬಂದೆ" ಅಂದರು. ಅವನೇನು ಮರುದಿನಕ್ಕೇ ಬದಲಾಗಲಿಲ್ಲ. ಈಗಲೂ ಮಗ್ಗದ ದನಿ ಬರುತ್ತದೆ, ಮೊದಲಿನಷ್ಟಿಲ್ಲ. ಇಂಥ ಮಕ್ಕಳ ಕಿವಿಯನ್ನೂ ಒಮ್ಮೆ ಪರೀಕ್ಷೆ ಮಾಡಿಸಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಹೆಸರು ಹೇಳಿ ತೋರಿಸಿ. ಇದ್ದಕ್ಕಿದ್ದಂತೆ ನಡತೆ ಬದಲಾದ ಮಗುವಿಗೆ ಮೆಚ್ಚುಗೆಯೊಂದೇ ಸಾಲದು. ಮನೆಯಲ್ಲಿ ಏನಾಗಿದೆ ಎಂದು ಕೇಳಬೇಕು.

ಚಾಕೊಲೇಟ್ ಹಂಚುವವರಿಗೆ ಒಂದು ಮಾತು. ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಚಿಕ್ಕ ಮಕ್ಕಳಿಗೆ ‘ಬಿಡಿಸಿದರೆ ಪ್ರಶಸ್ತಿಪತ್ರ’ ಎಂದು ಮೊದಲೇ ಹೇಳಿ ಕೊಟ್ಟಾಗ, ಆಮೇಲೆ ಅವರಿಗೆ ಚಿತ್ರದ ಮೇಲಿನ ಆಸೆಯೇ ಕಡಿಮೆಯಾಯಿತು ಎಂದು 1973ರ ಅಧ್ಯಯನವೊಂದು ಕಂಡುಕೊಂಡಿತು. ಎಂದೋ ಒಮ್ಮೆ ಕೊಟ್ಟರೆ ತಪ್ಪಿಲ್ಲ. ಆಸೆಯಿಂದ ಮಾಡುವ ಕೆಲಸಕ್ಕೆ ಮೊದಲೇ ಬೆಲೆ ಕಟ್ಟಬೇಡಿ.

ಇನ್ನು ಮಾನಿಟರ್. ಬಾರಿಹಣ್ಣು ತೆಗೆದುಕೊಂಡು ಹೆಸರು ಅಳಿಸುವ ಮಾನಿಟರುಗಳನ್ನು ನೋಡಿದ್ದೇನೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಅಧಿಕಾರ ಕೊಟ್ಟವರು ನಾವೇ. ನೀವು ಆಫೀಸಿಗೆ ಹೋಗಲೇಬೇಕಾದರೆ ಆ ಮಗುವಿನ ಕೈಗೆ ಚಾಕ್‌ಪೀಸ್ ಬದಲು ಕತೆಪುಸ್ತಕ ಕೊಡಿ, ಎಲ್ಲರಿಗೂ ಕೇಳುವಂತೆ ಓದಲಿ.