ಸೋಮವಾರ ಮಾತ್ರ ಬರುವ ಹೊಟ್ಟೆನೋವು

ಭಾನುವಾರ ಪೂರ್ತಿ ಚೆನ್ನಾಗಿಯೇ ಇದ್ದ ಪಿಯು ಹುಡುಗಿಗೆ ಸೋಮವಾರ ಕಾಲೇಜ್ ಬಸ್ಸಿನ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ಮನೆಯವರು ಗ್ಯಾಸ್ಟ್ರಿಕ್ ಅಂತಾರೆ. ಮಾತ್ರೆ, ಕಷಾಯ ಎಲ್ಲ ಆದಮೇಲೆ ಮೈಸೂರಿಗೆ ಹೋಗಿ ಸ್ಕ್ಯಾನಿಂಗ್. ರಿಪೋರ್ಟ್ ನಾರ್ಮಲ್. ‘ಹಾಗಾದ್ರೆ ಬರೀ ನಾಟಕ’ ಅನ್ನುವ ಮಾತು ಅಲ್ಲಿಂದ ಶುರು.

ನಾಟಕ ಅಲ್ಲ. ನಮ್ಮ ಜೀರ್ಣಾಂಗಗಳ ಗೋಡೆಯಲ್ಲೇ ಹತ್ತು ಕೋಟಿಗೂ ಜಾಸ್ತಿ ನರಕೋಶಗಳಿವೆ. ಅವುಗಳಿಗೂ ಮಿದುಳಿಗೂ ಸದಾ ಸಂಪರ್ಕ ಇರುತ್ತದೆ. ಭಯ ಹುಟ್ಟಿದಾಗ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಏರುತ್ತವೆ, ಕರುಳಿನ ಚಲನೆ ಹದ ತಪ್ಪುತ್ತದೆ. ಸ್ಕ್ಯಾನ್ ತೋರಿಸುವುದು ಅಂಗದ ಆಕಾರವನ್ನು, ಈ ಏರುಪೇರನ್ನಲ್ಲ. ಇನ್ನೊಂದು ತೊಡಕಿದೆ. ರಜೆ ಹಾಕಿದ ಕೂಡಲೇ ನೋವು ಇಳಿಯುತ್ತದೆ. ‘ಹೋಗದಿದ್ದರೆ ಕ್ಷೇಮ’ ಎಂದು ಮಿದುಳು ಕಲಿತುಬಿಡುತ್ತದೆ. ಮುಂದಿನ ಸೋಮವಾರದ ಭಯ ಇನ್ನೂ ದೊಡ್ಡದು. ಕಾಯುತ್ತಾ ಕೂತರೆ ಇದು ಗಟ್ಟಿಯಾಗುವುದೇ ಜಾಸ್ತಿ.

ಇದೆಲ್ಲ ಶುರುವಾಗುವ ವಯಸ್ಸೂ ಇದೇ. 2021ರಲ್ಲಿ ಪ್ರಕಟವಾದ ದೊಡ್ಡದೊಂದು ವಿಶ್ಲೇಷಣೆಯ ಪ್ರಕಾರ ಮಾನಸಿಕ ಕಾಯಿಲೆಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು 18 ತುಂಬುವ ಮೊದಲೇ ತಲೆ ಎತ್ತುತ್ತವೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ತೊಂದರೆ ಕಂಡಿತ್ತು.

ಕೊಡಗಿನ ಕಷ್ಟ ಬೇರೆ. ಇಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಮಡಿಕೇರಿಯಲ್ಲಿ ಮನೋವೈದ್ಯರ ಕೊಠಡಿ ಮುಂದೆ ಕೂತರೆ ಪರಿಚಯದವರು ಯಾರಾದರೂ ಸಿಕ್ಕೇ ಸಿಗುತ್ತಾರೆ. ‘ಯಾರ ಮನೆಯವಳು?’ ಅನ್ನುವ ಪ್ರಶ್ನೆ ಸಂಜೆಯೊಳಗೆ ಊರು ಮುಟ್ಟಿರುತ್ತದೆ. ಅದಕ್ಕೇ ಎಷ್ಟೋ ಮನೆಯವರು ಮೈಸೂರು, ಮಂಗಳೂರಿನ ದಾರಿ ಹಿಡಿಯುತ್ತಾರೆ. ಆದರೆ ಆಪ್ತಸಮಾಲೋಚನೆ ಒಂದೇ ಭೇಟಿಗೆ ಮುಗಿಯುವಂಥದ್ದಲ್ಲ. ವಾರವಾರವೂ ಅಷ್ಟು ದೂರ ಓಡಾಡೋದು ಯಾರಿಂದಾಗುತ್ತೆ? ಎರಡು ಸಲ ಹೋಗಿ ನಿಂತುಬಿಡುತ್ತದೆ.

ನನ್ನನ್ನು ಕೇಳಿದರೆ ಮೊದಲು ಫೋನ್ ಮಾಡಿ. ನಂಬರ್ 14416, ಹೆಸರು ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರುಮಾಡಿದ ಉಚಿತ ಸೇವೆ, ಹಗಲೂ ರಾತ್ರಿ ಇರುತ್ತದೆ. ಇಡೀ ದೇಶಕ್ಕೆ ಇದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಕನ್ನಡ ಆರಿಸಿಕೊಂಡರೆ ತರಬೇತಾದ ಸಮಾಲೋಚಕರು ಮಾತಾಡುತ್ತಾರೆ. ಅಗತ್ಯ ಬಿದ್ದರೆ ಮೇಲಿನ ತಜ್ಞರಿಗೆ ಅಥವಾ ಹತ್ತಿರದ ಆಸ್ಪತ್ರೆಗೆ ದಾಟಿಸುತ್ತಾರೆ. ಇಪ್ಪತ್ತು ಭಾಷೆಗಳಲ್ಲಿ ಸೌಲಭ್ಯ ಇರುವುದರಿಂದ ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿರುವ ಹೊರರಾಜ್ಯದ ಕುಟುಂಬಗಳಿಗೂ ಅನುಕೂಲ. ಇಂಟರ್ನೆಟ್ ಬೇಡ, ಬಟನ್ ಫೋನ್ ಸಾಕು. ಸಿಗ್ನಲ್ ಸಿಗುವ ಮೂಲೆ ಯಾವುದು ಅಂತ ನಮ್ಮವರಿಗೆ ಹೇಳಿಕೊಡಬೇಕಾ!

ಕಾಯಿಲೆ ಇದ್ದವರೇ ಕರೆ ಮಾಡಬೇಕು ಅಂತೇನೂ ಇಲ್ಲ. ಮಗ ರೂಮಿನಿಂದ ಹೊರಗೇ ಬರುತ್ತಿಲ್ಲ, ಏನು ಮಾಡಲಿ ಎಂದು ತಾಯಿ ಕೇಳಬಹುದು.

ಮುಖಾಮುಖಿ ವೈದ್ಯರೇ ಬೇಕೆಂದರೆ ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ ಮನೋಚೈತನ್ಯ ಎಂಬ ಕಾರ್ಯಕ್ರಮವೂ ರಾಜ್ಯದಲ್ಲಿದೆ. ಯಾವ ಮಂಗಳವಾರ ಎಲ್ಲಿ ಅಂತ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಅವರು ಪಕ್ಕದ ಮನೆಯವರೇ ಆಗಿದ್ದು ಮುಜುಗರ ಅನಿಸಿದರೆ ಆಸ್ಪತ್ರೆಗೇ ಫೋನ್ ಹಾಕಿ. ಅಲ್ಲಿ ಹೇಳಿಕೊಂಡದ್ದನ್ನು ಗುಟ್ಟಾಗಿಡಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಕಾಲೇಜಿನವರನ್ನೂ ಕೇಳಿ. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ಅರ್ಹ ಸಮಾಲೋಚಕರು ಒಬ್ಬರಾದರೂ ಇರಬೇಕು ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಒಂದು ವಿಷಯಕ್ಕೆ ಮಾತ್ರ ಮಂಗಳವಾರದವರೆಗೂ ಕಾಯಬಾರದು. ‘ನಾನಿಲ್ಲದಿದ್ರೆ ಎಲ್ಲರಿಗೂ ಆರಾಮ’ ಎಂಬಂಥ ಮಾತು ಮಗುವಿನ ಬಾಯಲ್ಲಿ ಬಂದರೆ ನೇರವಾಗಿಯೇ ಕೇಳಿ: ಸಾಯಬೇಕು ಅನಿಸ್ತಿದೆಯಾ? ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂದು ಹೆದರುತ್ತಾರೆ. ಸಂಶೋಧನೆಗಳು ಆ ಹೆದರಿಕೆಯನ್ನು ಸಮರ್ಥಿಸುವುದಿಲ್ಲ, ಕೇಳಿಸಿಕೊಂಡವರಿಗೆ ಎಷ್ಟೋ ಸಲ ಹಗುರವೇ ಆಗುತ್ತದೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮನೆಯಲ್ಲಿ ಏನೇನಿದೆ ಎಂದೂ ನೋಡಿ. ಕಾಫಿ ತೋಟದವರ ಶೆಡ್ಡಿನಲ್ಲಿ ಕೀಟನಾಶಕ ಇರುತ್ತದೆ, ಎಷ್ಟೋ ಮನೆಗಳಲ್ಲಿ ಕೋವಿ ಇರುತ್ತದೆ. ಎರಡನ್ನೂ ಸ್ವಲ್ಪ ಕಾಲ ಬೇರೆಯವರ ಸುಪರ್ದಿಗೆ ಕೊಡಿ, ಇಲ್ಲವೇ ಬೀಗ ಹಾಕಿ ಕೀ ನೀವೇ ಇಟ್ಟುಕೊಳ್ಳಿ. ಸಾಯುವ ತುಡಿತ ಎಷ್ಟೋ ಸಲ ಅಲೆಯಂತೆ ಏರಿ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಆ ಹೊತ್ತು ದಾಟಿಸಿದರೆ ಜೀವ ಉಳಿಯುತ್ತದೆ. ಶ್ರೀಲಂಕಾದಲ್ಲಿ ತೀರಾ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ ಆತ್ಮಹತ್ಯೆಗಳ ಪ್ರಮಾಣ ಬಹಳ ಇಳಿಯಿತು. ಕೋವಿ ಮನೆತನದ ಗೌರವ ಅನ್ನುವುದು ಸರಿ, ಆದರೆ ಒಂದೆರಡು ತಿಂಗಳು ಗೋಡೆ ಮೇಲೆ ಇಲ್ಲದಿದ್ದರೆ ಏನೂ ಆಗಲ್ಲ ಅಲ್ವಾ?

ಖಿನ್ನತೆಗೆ ವೈದ್ಯರು ಮಾತ್ರೆ ಬರೆದುಕೊಟ್ಟರೆ ಪರಿಣಾಮ ಕಾಣಲು ಕೆಲವು ವಾರ ಬೇಕು. ಚೆನ್ನಾಗಾಯ್ತು ಅಂತ ಸುಮ್ನೆ ನಿಲ್ಲಿಸುವ ಹಾಗಿಲ್ಲ, ನಿಲ್ಲಿಸುವಾಗಲೂ ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಜೂನ್ ಬಂತೆಂದರೆ ಎಲ್ಲಿ ಮರ ಬೀಳುತ್ತೋ, ಎಲ್ಲಿ ಗುಡ್ಡ ಜರಿಯುತ್ತೋ ಹೇಳೋಕಾಗಲ್ಲ. ಹಾಗಾಗಿ ಮೇ ತಿಂಗಳ ಭೇಟಿಯಲ್ಲೇ ಮಳೆಗಾಲಕ್ಕೆ ಎಷ್ಟು ದಿನದ ಮಾತ್ರೆ ಕೊಡಬಹುದು ಎಂದು ಕೇಳಿ, ಅದನ್ನೂ ಬೀಗದೊಳಗೇ ಇಡಿ.