ಓದುಗರ ಪ್ರಶ್ನೆ: ಜಪಾನಿನಲ್ಲಿ ಕೆ-ಪಾಪ್ 2012ರಲ್ಲಿ ನಿಜಕ್ಕೂ ಮುಗಿದುಹೋಗಿತ್ತೇ?

ಪ್ರಶ್ನೆ: 2012ರ ಹೊತ್ತಿಗೆ ಜಪಾನಿನಲ್ಲಿ ಕೆ-ಪಾಪ್, ಅಂದರೆ ಕೊರಿಯನ್ ಪಾಪ್ ಸಂಗೀತ ತಂಡಗಳ ಅಲೆ ಇಳಿದುಹೋಯಿತು, ಅಲ್ಲಿನ ಟಿವಿಯವರು ಅವರನ್ನು ಹೊರಗಿಟ್ಟರು ಎಂದು ಓದಿದ್ದೆ. ಈಗ ನೋಡಿದರೆ ಹೊಸ ತಂಡಗಳೂ ಟೋಕಿಯೊ ಡೋಮ್‌ನಲ್ಲಿ ಹಾಡುತ್ತಿವೆ. ಮಧ್ಯೆ ಏನಾಯಿತು? ಎರಡು ದೇಶಗಳ ಜಗಳ ಮತ್ತೆ ಜೋರಾದರೆ ಎಲ್ಲವೂ ಕುಸಿಯುತ್ತದೆಯೇ?

ಉತ್ತರ: ಟಿವಿಯಿಂದ ಹೊರಬಿದ್ದದ್ದು ನಿಜ. ಮಾರುಕಟ್ಟೆ ಮುಗಿಯಿತು ಎಂಬುದು ಸುಳ್ಳು. ಜಪಾನಿನಲ್ಲಿ ಒಂದು ತಂಡದ ಹೆಸರು ಹಬ್ಬುವ ದಾರಿಯೇ ಬೇರೆ, ಅದಕ್ಕೆ ದುಡ್ಡು ಬರುವ ದಾರಿಯೇ ಬೇರೆ. ರಾಜಕೀಯದ ಪೆಟ್ಟು ಮೊದಲನೆಯದಕ್ಕೆ ತಕ್ಷಣ ಬೀಳುತ್ತದೆ, ಎರಡನೆಯದನ್ನು ಬಹಳ ನಿಧಾನವಾಗಿ ಮುಟ್ಟುತ್ತದೆ.

ದಿನಾಂಕಗಳನ್ನು ಪಕ್ಕಪಕ್ಕ ಇಟ್ಟರೆ ಇದು ಸ್ಪಷ್ಟವಾಗುತ್ತದೆ. ಪ್ರತಿ ಡಿಸೆಂಬರ್ 31ರ ರಾತ್ರಿ ಜಪಾನಿನ ಸಾರ್ವಜನಿಕ ವಾಹಿನಿ ಎನ್‌ಎಚ್‌ಕೆ ಪ್ರಸಾರ ಮಾಡುವ ಕೊಹಾಕು ಎಂಬ ಹಾಡಿನ ಕಾರ್ಯಕ್ರಮಕ್ಕೆ ಕರೆ ಬಂತೆಂದರೆ ಜಪಾನಿನ ಮನೆಮನೆಯೂ ಒಪ್ಪಿಕೊಂಡಿತು ಎಂದು ಅರ್ಥ. 2011ರಲ್ಲಿ ಅಲ್ಲಿ ಮೂರು ಕೊರಿಯನ್ ತಂಡಗಳಿದ್ದವು: ತೋಹೋಶಿಂಕಿ (ಕೊರಿಯಾದಲ್ಲಿ ಇವರೇ ಟಿವಿಎಕ್ಸ್‌ಕ್ಯೂ), ಕಾರಾ, ಗರ್ಲ್ಸ್ ಜನರೇಷನ್. ಅದೇ ವರ್ಷದ ಆಗಸ್ಟ್‌ನಲ್ಲಿ ಕೊರಿಯನ್ ಧಾರಾವಾಹಿಗಳು ಅತಿಯಾದವು ಎಂದು ಫ್ಯೂಜಿ ಟಿವಿಯ ಮುಂದೆ ಪ್ರತಿಭಟನೆ ನಡೆದಿತ್ತು. 2012ರ ಆಗಸ್ಟ್ 10ರಂದು ಕೊರಿಯಾದ ಅಧ್ಯಕ್ಷ ಲೀ ಮ್ಯೂಂಗ್-ಬಾಕ್ ವಿವಾದಿತ ದ್ವೀಪಕ್ಕೆ ಭೇಟಿ ಕೊಟ್ಟರು. ಕೊರಿಯನ್ನರು ಅದನ್ನು ದೋಕ್ದೊ ಎನ್ನುತ್ತಾರೆ, ಜಪಾನೀಯರು ತಾಕೆಶಿಮಾ ಎನ್ನುತ್ತಾರೆ. ಆ ಡಿಸೆಂಬರ್‌ನ ಕೊಹಾಕುವಿನಲ್ಲಿ ಕೊರಿಯನ್ ತಂಡ ಒಂದೂ ಇರಲಿಲ್ಲ. ಮುಂದಿನ ಕರೆ ಬಂದದ್ದು 2017ರಲ್ಲಿ, ಟ್ವೈಸ್ ತಂಡಕ್ಕೆ.

ಈಗ ಅದೇ ಅವಧಿಯಲ್ಲಿ ಡೋಮ್‌ಗಳಲ್ಲಿ, ಅಂದರೆ ಚಾವಣಿ ಇರುವ ದೊಡ್ಡ ಬೇಸ್‌ಬಾಲ್ ಕ್ರೀಡಾಂಗಣಗಳಲ್ಲಿ, ಏನು ನಡೆಯುತ್ತಿತ್ತು ನೋಡಿ. 2013ರ ಜನವರಿ 6ರಂದು, ಅಂದರೆ ಕೊಹಾಕುವಿನಲ್ಲಿ ಜಾಗವಿಲ್ಲದೆ ಒಂದು ವಾರ ಕಳೆಯುವುದರೊಳಗೆ, ಕಾರಾ ಟೋಕಿಯೊ ಡೋಮ್‌ನಲ್ಲಿ ಕಾರ್ಯಕ್ರಮ ಕೊಟ್ಟಿತು. ಅಲ್ಲಿ ಸ್ವಂತ ಕಾರ್ಯಕ್ರಮ ನಡೆಸಿದ ಮೊದಲ ಕೊರಿಯನ್ ಹುಡುಗಿಯರ ತಂಡ ಅದು. ಅದೇ ವರ್ಷ ತೋಹೋಶಿಂಕಿ ಐದು ನಗರಗಳ ಡೋಮ್ ಪ್ರವಾಸ ಮುಗಿಸಿ, ಆಗಸ್ಟ್‌ನಲ್ಲಿ ಯೊಕೊಹಾಮಾದ ನಿಸ್ಸಾನ್ ಕ್ರೀಡಾಂಗಣದಲ್ಲಿ ಎರಡು ರಾತ್ರಿ ಹಾಡಿತು. ನವೆಂಬರ್‌ನಲ್ಲಿ ಬಿಗ್ ಬ್ಯಾಂಗ್ ಆರು ಡೋಮ್‌ಗಳ ಪ್ರವಾಸಕ್ಕೆ ಹೊರಟಿತು. ಟಿವಿ ಹೆಸರೆತ್ತದ ವರ್ಷದಲ್ಲೇ ಇಷ್ಟೆಲ್ಲ ನಡೆದಿತ್ತು.

ಇದು ಸಾಧ್ಯವಾದದ್ದು ಫ್ಯಾನ್ ಕ್ಲಬ್‌ನಿಂದ. ನಮ್ಮಲ್ಲಿ ಅಭಿಮಾನಿ ಸಂಘ ಎಂದರೆ ಕಟೌಟು, ಹಾಲಿನ ಅಭಿಷೇಕ, ರಕ್ತದಾನ. ಜಪಾನಿನದ್ದು ತಂಡದ ಪರವಾಗಿ ಕಂಪನಿಯೇ ನಡೆಸುವ, ಶುಲ್ಕ ಕಟ್ಟಿ ಸೇರುವ ಸದಸ್ಯತ್ವ. ಸೇರುವಾಗ ಸಾಮಾನ್ಯವಾಗಿ ಸಾವಿರ ಯೆನ್ ಆಸುಪಾಸು, ಆಮೇಲೆ ವರ್ಷಕ್ಕೆ ನಾಲ್ಕೈದು ಸಾವಿರ ಯೆನ್. ಇದಕ್ಕೆ ಪ್ರತಿಯಾಗಿ ಸಿಗುವ ದೊಡ್ಡ ಲಾಭವೆಂದರೆ ಟಿಕೆಟ್ ಲಾಟರಿಯಲ್ಲಿ ಮೊದಲ ಸುತ್ತು. ದೊಡ್ಡ ತಂಡಗಳ ಟಿಕೆಟ್‌ಗೆ ಅಲ್ಲಿ ಯಾರು ಮೊದಲು ಕ್ಲಿಕ್ ಮಾಡಿದರೋ ಅವರಿಗೆ ಎಂಬ ಪದ್ಧತಿ ಕೊನೆಯ ಹಂತಕ್ಕೆ ಮಾತ್ರ. ಮೊದಲು ಕ್ಲಬ್ ಸದಸ್ಯರು ಬೇಕಾದ ದಿನ, ಊರು, ಟಿಕೆಟ್ ಸಂಖ್ಯೆ ಬರೆದು ಅರ್ಜಿ ಹಾಕುತ್ತಾರೆ, ಕೆಲವು ದಿನ ಬಿಟ್ಟು ಫಲಿತಾಂಶ ಬರುತ್ತದೆ. ಉಳಿದದ್ದು ಲಾಸನ್ ಟಿಕೆಟ್, ಪಿಯಾದಂಥ ಮಾರಾಟಗಾರರ ಲಾಟರಿಗೆ ಹೋಗುತ್ತದೆ. ಅದರಲ್ಲೂ ಉಳಿದರೆ ಸಾರ್ವಜನಿಕ ಮಾರಾಟ. ಬೇಡಿಕೆ ಇರುವ ಕಾರ್ಯಕ್ರಮವಾದರೆ ಈ ಕೊನೆಯ ಹಂತಕ್ಕೆ ಬರುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ.

ಹೀಗೆ ಕಟ್ಟಿದ ಸದಸ್ಯರಿಗೆ ಟಿವಿಯ ಹಂಗಿಲ್ಲ. ತಂಡ ವರ್ಷವಿಡೀ ಪರದೆಯ ಮೇಲೆ ಕಾಣದಿದ್ದರೂ ಪ್ರವಾಸದ ಸುದ್ದಿ ನೇರವಾಗಿ ಅವರ ಇಮೇಲ್‌ಗೆ ಬರುತ್ತದೆ. ಪ್ರಾಯೋಜಕರ ದೂರು, ವೀಕ್ಷಕರ ಫೋನ್ ಕರೆಗಳಿಗೆ ಅಂಜಬೇಕಾದವರು ಟಿವಿಯವರು. ಶುಲ್ಕ ಕಟ್ಟಿ, ಎರಡು ಲಾಟರಿ ಸೋತು, ಮೂರನೆಯದಕ್ಕೆ ಕಾಯುತ್ತಿರುವ ಅಭಿಮಾನಿಗೆ ಆ ಅಂಜಿಕೆ ಯಾಕೆ?

ಇನ್ನೊಂದು ಆಧಾರ ಸಿಡಿ. ಜಪಾನ್ ಜಗತ್ತಿನ ಎರಡನೇ ಅತಿ ದೊಡ್ಡ ಸಂಗೀತ ಮಾರುಕಟ್ಟೆ. ಧ್ವನಿಮುದ್ರಿತ ಸಂಗೀತದಿಂದ ಬರುವ ವರಮಾನದ ಅರ್ಧಕ್ಕಿಂತ ಹೆಚ್ಚು ಪಾಲು ಅಲ್ಲಿ ಈಗಲೂ ಸಿಡಿ, ಡಿವಿಡಿಗಳದ್ದೇ. ಕಂಪನಿ ಗೊತ್ತುಮಾಡಿದ ಬೆಲೆಗೇ ಅಂಗಡಿಯವರು ಸಿಡಿ ಮಾರಬೇಕೆಂಬ ಪದ್ಧತಿಗೆ ಕಾನೂನಿನ ರಕ್ಷಣೆ ಇರುವುದರಿಂದ ಬೆಲೆ ಬೀಳುವುದಿಲ್ಲ. ಒಂದೇ ಸಿಂಗಲ್ (ಕೆಲವೇ ಹಾಡುಗಳಿರುವ ಸಿಡಿ) ಮೂರು ನಾಲ್ಕು ರೂಪದಲ್ಲಿ ಬರುತ್ತದೆ: ಡಿವಿಡಿ ಇರುವ ಸೀಮಿತ ಆವೃತ್ತಿ, ಫೋಟೊ ಪುಸ್ತಕದ ಆವೃತ್ತಿ, ಸಾಮಾನ್ಯ ಆವೃತ್ತಿ, ಕ್ಲಬ್ ಸದಸ್ಯರ ಆವೃತ್ತಿ. ಅನೇಕ ಬಾರಿ ಒಳಗೊಂದು ಚೀಟಿಯಲ್ಲಿ ಸೀರಿಯಲ್ ನಂಬರು ಇರುತ್ತದೆ, ಅದನ್ನು ಹಾಕಿದರೆ ತಂಡದವರನ್ನು ಭೇಟಿಯಾಗುವ ಕಾರ್ಯಕ್ರಮದ ಲಾಟರಿಗೆ ಅರ್ಜಿ. ಹೆಚ್ಚು ಸಿಡಿ ಎಂದರೆ ಹೆಚ್ಚು ಅರ್ಜಿ. ಹಾಗಾಗಿ ಮಾರಾಟವಾದ ಸಿಡಿಗಳ ಸಂಖ್ಯೆಯನ್ನು ಕೇಳುಗರ ಸಂಖ್ಯೆ ಎಂದು ಓದಿದರೆ ಲೆಕ್ಕ ತಪ್ಪುತ್ತದೆ. ಚೀಟಿ ತೆಗೆದ ಸಿಡಿಗಳು ಹಳೆ ಸಾಮಾನಿನ ಅಂಗಡಿಗಳಲ್ಲಿ ರಾಶಿ ಬಿದ್ದಿರುತ್ತವೆ. ಅಭಿಮಾನಿಗಳ ಜೇಬಿಗೆ ಇದು ಭಾರ, ಮತ್ತು ಈ ಪದ್ಧತಿ ಕಡಿಮೆಯಾದರೆ ಒಳ್ಳೆಯದು.

ಈ ಬುಡ ಕಟ್ಟಲು ಎಷ್ಟು ಕಾಲ ಬೇಕು ಎಂಬುದಕ್ಕೆ ತೋಹೋಶಿಂಕಿಯೇ ಅಳತೆ. 2001ರಲ್ಲಿ ಎವೆಕ್ಸ್ ಎಂಬ ಜಪಾನಿ ಸಂಗೀತ ಕಂಪನಿಯ ಮೂಲಕ ಜಪಾನಿಗೆ ಬಂದ ಕೊರಿಯನ್ ಗಾಯಕಿ ಬೋಆ, ಜಪಾನಿ ಕಲಿತು ಜಪಾನಿಯಲ್ಲೇ ಹಾಡಿ, 2002ರಲ್ಲಿ ಜಪಾನಿನ ಮಾರಾಟ ಲೆಕ್ಕದ ಓರಿಕಾನ್ ಆಲ್ಬಂ ಪಟ್ಟಿಯ ಮೊದಲ ಸ್ಥಾನಕ್ಕೇರಿದ್ದರು. ಅದೇ ದಾರಿಯಲ್ಲಿ ತೋಹೋಶಿಂಕಿ 2005ರ ಏಪ್ರಿಲ್‌ನಲ್ಲಿ ಬಂತು. ಕೊರಿಯಾದಲ್ಲಿ ಆಗಲೇ ದೊಡ್ಡ ಹೆಸರಾಗಿದ್ದರೂ ಜಪಾನಿನಲ್ಲಿ ಚಿಕ್ಕ ಸಭಾಂಗಣಗಳಿಂದ ಶುರು ಮಾಡಬೇಕಾಯಿತು. ಸಿಂಗಲ್ ಪಟ್ಟಿಯಲ್ಲಿ ಮೊದಲ ಸ್ಥಾನ ಸಿಕ್ಕಿದ್ದು 2008ರ ಜನವರಿಯಲ್ಲಿ, 16ನೇ ಸಿಂಗಲ್‌ಗೆ. ಟೋಕಿಯೊ ಡೋಮ್ 2009ರ ಜುಲೈಯಲ್ಲಿ. ಅದೇ ತಿಂಗಳ ಕೊನೆಗೆ ಐವರಲ್ಲಿ ಮೂವರು ಕೊರಿಯಾದ ಕಂಪನಿಯ ಒಪ್ಪಂದದ ವಿರುದ್ಧ ಕೋರ್ಟಿಗೆ ಹೋದರು. 2011ರಲ್ಲಿ ಉಳಿದ ಇಬ್ಬರೇ ಮರಳಿದಾಗ ಜಪಾನಿನ ಅಭಿಮಾನಿಗಳು ಕೈಬಿಡಲಿಲ್ಲ. ಮೇಲೆ ಹೇಳಿದ ನಿಸ್ಸಾನ್ ಕ್ರೀಡಾಂಗಣದ ಕಾರ್ಯಕ್ರಮ ಆ ಇಬ್ಬರದ್ದೇ.

ಹಾಗಾದರೆ 2012ರ ಪೆಟ್ಟು ಯಾರಿಗೆ ಬಿತ್ತು? ತಡವಾಗಿ ಬಂದವರಿಗೆ. 2010ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಕಾರಾ ಮತ್ತು ಗರ್ಲ್ಸ್ ಜನರೇಷನ್ ಗೆದ್ದದ್ದನ್ನು ನೋಡಿ 2011ರಲ್ಲಿ ಒಂದರ ಹಿಂದೊಂದು ತಂಡಗಳು ನುಗ್ಗಿದವು. ಹಲವರ ಯೋಜನೆ ಒಂದೇ: ಕೊರಿಯಾದ ಹಿಟ್ ಹಾಡಿಗೆ ಜಪಾನಿ ಸಾಹಿತ್ಯ ಹಾಕುವುದು, ಟಿವಿಯಲ್ಲಿ ಎರಡು ಮೂರು ಬಾರಿ ಕಾಣಿಸಿಕೊಳ್ಳುವುದು, ಊರಿಗೆ ಮರಳುವುದು. ಟಿವಿ ಬಾಗಿಲು ಹಾಕಿದೊಡನೆ ಇವರಿಗೆ ಹೊಸ ಕೇಳುಗರು ಸಿಗುವ ದಾರಿಯೇ ಮುಚ್ಚಿತು, ಕ್ಲಬ್ ಕಟ್ಟುವಷ್ಟು ಕಾಲ ಇವರು ಅಲ್ಲಿ ನಿಂತಿರಲೂ ಇಲ್ಲ.

ಜೊತೆಗೆ ಸದ್ದಿಲ್ಲದ ಇನ್ನೊಂದು ಪೆಟ್ಟಿತ್ತು, ಅದು ಯೆನ್ ಬೆಲೆಯದ್ದು. 2012ರಲ್ಲಿ 100 ಯೆನ್‌ಗೆ ಸುಮಾರು 1,400 ವಾನ್ (ಕೊರಿಯಾದ ಹಣ) ಸಿಗುತ್ತಿತ್ತು, 2015ರ ಹೊತ್ತಿಗೆ ಸುಮಾರು 900. ಅಂದರೆ 10 ಸಾವಿರ ಯೆನ್‌ನ ಒಂದು ಟಿಕೆಟ್ ಕೊರಿಯಾದ ರಾಜಧಾನಿ ಸೋಲ್‌ನ ಕಂಪನಿಯ ಲೆಕ್ಕದಲ್ಲಿ 1.4 ಲಕ್ಷ ವಾನ್‌ನಿಂದ 90 ಸಾವಿರಕ್ಕೆ ಇಳಿಯಿತು. ಸಭಾಂಗಣ ತುಂಬಿದ್ದರೂ ವರಮಾನ ಮೂರನೇ ಒಂದು ಭಾಗದಷ್ಟು ಕುಗ್ಗಿತು. ‘ಜಪಾನ್ ಮುಗಿಯಿತು’ ಎಂಬ ಆ ಕಾಲದ ವರದಿಗಳಲ್ಲಿ ದ್ವೀಪದ ವಿಷಯ ಬಂದಷ್ಟು ಇದು ಬರಲಿಲ್ಲ, ಬರಬೇಕಿತ್ತು.

ಮುಂದಿನ ಪರೀಕ್ಷೆ 2018ರಲ್ಲಿ. ಅಕ್ಟೋಬರ್ 30ರಂದು ಕೊರಿಯಾದ ಸುಪ್ರೀಂ ಕೋರ್ಟ್ ಯುದ್ಧಕಾಲದ ಬಲವಂತದ ದುಡಿಮೆಯ ಪ್ರಕರಣದಲ್ಲಿ ಜಪಾನಿ ಕಂಪನಿಯ ವಿರುದ್ಧ ತೀರ್ಪು ಕೊಟ್ಟಿತು. ಕೊರಿಯನ್ ಹುಡುಗರ ತಂಡ ಬಿಟಿಎಸ್‌ನ ಸದಸ್ಯರೊಬ್ಬರು ಹಿಂದೆ ತೊಟ್ಟಿದ್ದ, ಅಣುಬಾಂಬ್ ಮೋಡದ ಚಿತ್ರವಿದ್ದ ಟಿ-ಶರ್ಟ್ ಅದೇ ಹೊತ್ತಿಗೆ ವಿವಾದವಾಯಿತು. ನವೆಂಬರ್ 9ರ ‘ಮ್ಯೂಸಿಕ್ ಸ್ಟೇಷನ್’ ಕಾರ್ಯಕ್ರಮಕ್ಕೆ ಬರಬೇಕಿದ್ದ ತಂಡವನ್ನು ಟಿವಿ ಅಸಾಹಿ ಹಿಂದಿನ ದಿನ ಕೈಬಿಟ್ಟಿತು. ತಂಡದ ಕಂಪನಿ ಕ್ಷಮೆ ಕೇಳಿತು, ಅಣುಬಾಂಬ್ ಸಂತ್ರಸ್ತರ ನೋವಿನ ಮುಂದೆ ಅದು ಆಗಲೇಬೇಕಿದ್ದ ಕೆಲಸ. ನವೆಂಬರ್ 13 ಮತ್ತು 14ರ ಟೋಕಿಯೊ ಡೋಮ್ ಕಾರ್ಯಕ್ರಮಗಳು ಮಾತ್ರ ನಿಲ್ಲಲಿಲ್ಲ. ಮರುವರ್ಷ ಇನ್ನೂ ದೊಡ್ಡದು: 2019ರ ಜುಲೈ 4ರಿಂದ ಜಪಾನ್ ಕೊರಿಯಾಕ್ಕೆ ಹೋಗುವ ಚಿಪ್ ಸಾಮಗ್ರಿಗಳ ರಫ್ತಿಗೆ ಬಿಗಿ ನಿಯಮ ತಂದಿತು. ಬಿಟಿಎಸ್‌ನ ಜಪಾನಿ ಸಿಂಗಲ್ ಬಿಡುಗಡೆಯಾದದ್ದು ಜುಲೈ 3ರಂದು. ಜಪಾನಿನ ರೆಕಾರ್ಡಿಂಗ್ ಸಂಘ ಅದಕ್ಕೆ ಹತ್ತು ಲಕ್ಷ ಪ್ರತಿಗಳ ಮನ್ನಣೆ ಕೊಟ್ಟಿತು. ಅದೇ ತಿಂಗಳು ಒಸಾಕಾ, ಶಿಜುವೊಕಾ ಕ್ರೀಡಾಂಗಣಗಳಲ್ಲಿ ನಾಲ್ಕು ಕಾರ್ಯಕ್ರಮಗಳೂ ನಡೆದವು.

2012ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಯೂಟ್ಯೂಬ್ ಮತ್ತು ಸ್ಟ್ರೀಮಿಂಗ್. ಮೂವರು ಜಪಾನಿ ಸದಸ್ಯೆಯರಿರುವ ಟ್ವೈಸ್ 2017ರ ಜೂನ್‌ನಲ್ಲಿ ಜಪಾನಿನಲ್ಲಿ ಹೆಜ್ಜೆ ಇಡುವ ಮೊದಲೇ ಅವರ ಕೈಬೆರಳಿನ ಭಂಗಿಯನ್ನು ಅಲ್ಲಿನ ಶಾಲಾ ಹುಡುಗಿಯರು ವಿಡಿಯೊಗಳಲ್ಲಿ ಅನುಕರಿಸುತ್ತಿದ್ದರು. ಇನ್ನೊಂದು ಕೊರಿಯನ್ ತಂಡ ಎಸ್ಪಾ 2023ರ ಆಗಸ್ಟ್‌ನಲ್ಲಿ ಟೋಕಿಯೊ ಡೋಮ್ ತುಂಬಿಸಿತು, ಜಪಾನಿಯಲ್ಲಿ ಅಧಿಕೃತವಾಗಿ ಮೊದಲ ಸಿಂಗಲ್ ತಂದದ್ದು 2024ರ ಜುಲೈಯಲ್ಲಿ. ಮತ್ತೊಂದು ತಂಡ ನ್ಯೂಜೀನ್ಸ್ 2024ರ ಜೂನ್ 21ರಂದು ಜಪಾನಿ ಸಿಂಗಲ್ ಬಿಟ್ಟು, 26 ಮತ್ತು 27ರಂದು ಡೋಮ್ ಹತ್ತಿತು. ತೋಹೋಶಿಂಕಿಗೆ ಹಿಡಿದದ್ದು ನಾಲ್ಕು ವರ್ಷ.

ಇಲ್ಲೇ ಕಳವಳದ ಜಾಗವೂ ಇದೆ. ಬೇಗ ತುಂಬಿದ ಡೋಮ್ ಎರಡನೇ ಸಲವೂ ತುಂಬುತ್ತದೆಂಬ ಖಾತರಿಯಿಲ್ಲ, ಏಕೆಂದರೆ ಸ್ಟ್ರೀಮಿಂಗ್ ಕೇಳುಗರಲ್ಲಿ ಕ್ಲಬ್ ಸೇರುವವರು ಕೆಲವರೇ. ಜೊತೆಗೆ ಕೊರಿಯನ್ ಕಂಪನಿಗಳೇ ಜಪಾನೀಯರ ತಂಡ ಕಟ್ಟತೊಡಗಿವೆ: ಕೊರಿಯಾದ ಜೆವೈಪಿ ಮತ್ತು ಜಪಾನಿನ ಸೋನಿ ಮ್ಯೂಸಿಕ್ ಸೇರಿ ಕಟ್ಟಿದ ನಿಜಿಯು 2020ರ ಡಿಸೆಂಬರ್ 2ರಂದು ಬಂದು ಅದೇ ತಿಂಗಳ ಕೊಹಾಕುವಿನಲ್ಲಿ ಹಾಡಿತು. ಕಂಪನಿಗೆ ಇದು ರಾಜಕೀಯದ ವಿರುದ್ಧ ವಿಮೆ, ಸೋಲ್‌ನಿಂದ ಬರುವ ಹೊಸ ತಂಡಕ್ಕೆ ಸ್ಪರ್ಧೆ.

ಆದ್ದರಿಂದ ಮುಂದೆ ಜಗಳದ ಸುದ್ದಿ ಬಂದಾಗ ಟಿವಿ ಪಟ್ಟಿಗಿಂತ ಚಿಕ್ಕ ಸಭಾಂಗಣಗಳನ್ನು ನೋಡಿ. ಡೋಮ್‌ಗಳನ್ನು ಬಹಳ ಮೊದಲೇ ಕಾಯ್ದಿರಿಸಬೇಕು. ಬೇಸ್‌ಬಾಲ್ ಋತು ಬಿಟ್ಟು ಉಳಿದ ಚಳಿಗಾಲದ ದಿನಗಳಿಗೆ ಪೈಪೋಟಿಯೂ ಹೆಚ್ಚು. ಹಾಗಾಗಿ ಡೋಮ್ ತುಂಬಿರುವುದು ಹಳೆಯ ದುಡಿಮೆಯ ಫಲ. ಎರಡು ಮೂರು ಸಾವಿರ ಜನ ಹಿಡಿಯುವ ಝೆಪ್ ಸಭಾಂಗಣಗಳಲ್ಲಿ ಹೊಸ ಕೊರಿಯನ್ ತಂಡಗಳ ಹೆಸರು ಕಡಿಮೆಯಾಗುತ್ತಾ ಬಂದರೆ ಅದು ನಿಜವಾದ ಇಳಿತ.

ಜಪಾನಿನಲ್ಲಿ ಕೆಲಸಕ್ಕಿರುವ ಕನ್ನಡಿಗರೂ ಟಿಕೆಟ್ ಹೇಗೆ ಪಡೆಯುವುದು ಎಂದು ಕೇಳುವುದುಂಟು. ಅನೇಕ ಟಿಕೆಟ್ ತಾಣಗಳಿಗೆ ಎಸ್‌ಎಂಎಸ್ ಬರುವ ಜಪಾನಿ ಮೊಬೈಲ್ ನಂಬರು ಬೇಕು, ಡೇಟಾ ಮಾತ್ರ ಇರುವ ಸಿಮ್ ನಡೆಯದು. ಅರ್ಜಿಯಲ್ಲಿ ಹೆಸರು ನಿವಾಸ ಕಾರ್ಡಿನಲ್ಲಿರುವಂತೆಯೇ ಇರಲಿ, ಬಾಗಿಲಲ್ಲಿ ಗುರುತಿನ ಚೀಟಿ ಕೇಳಿದಾಗ ಅಕ್ಷರ ಬೇರೆಯಾದರೆ ಒಳಗೆ ಬಿಡದಿರಬಹುದು. ಲಾಟರಿ ಗೆದ್ದಮೇಲೆ ಗಡುವಿನೊಳಗೆ ಹಣ ಕಟ್ಟದಿದ್ದರೆ ಟಿಕೆಟ್ ರದ್ದು. ಹೆಚ್ಚಿನ ಬೆಲೆಗೆ ಬೇರೆಯವರಿಂದ ಕೊಳ್ಳಬೇಡಿ: 2019ರ ಜೂನ್‌ನಿಂದ ಟಿಕೆಟ್‌ಗಳನ್ನು ಲಾಭಕ್ಕೆ ಮರುಮಾರಾಟ ಮಾಡುವ ದಂಧೆಗೆ ಒಂದು ವರ್ಷದವರೆಗೆ ಜೈಲು ಅಥವಾ ಹತ್ತು ಲಕ್ಷ ಯೆನ್‌ವರೆಗೆ ದಂಡವಿದೆ, ಮತ್ತು ಹಾಗೆ ಕೊಂಡ ಟಿಕೆಟ್‌ ತೋರಿಸಿದವರನ್ನು ಆಯೋಜಕರು ಬಾಗಿಲಿಂದಲೇ ವಾಪಸ್ ಕಳಿಸಬಹುದು.