ಕಿವಿಗೆ ಔಷಧ ಹಾಕಿಸಿಕೊಳ್ಳದ ನಾಯಿ

ಪ್ರಶ್ನೆ: ನಮ್ಮ ನಾಲ್ಕು ವರ್ಷದ ಲ್ಯಾಬ್ರಡಾರ್‌ಗೆ ಕಿವಿಯ ಸೋಂಕಾಗಿದೆ. ದಿನಕ್ಕೆ ಎರಡು ಬಾರಿ ಹನಿ ಹಾಕಬೇಕೆಂದು ವೈದ್ಯರು ಹೇಳಿದ್ದಾರೆ. ಮೊದಲ ದಿನ ಹೇಗೋ ಹಾಕಿದೆವು. ಈಗ ಬಾಟಲಿ ಕಂಡರೆ ಸಾಕು, ಮಂಚದ ಕೆಳಗೆ ಸೇರಿಕೊಳ್ಳುತ್ತದೆ, ಹಿಡಿದರೆ ಗುರುಗುಟ್ಟುತ್ತದೆ. ಅದರ ಬದಲು ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಬಿಟ್ಟರೆ ಸಾಲದೇ?

ಉತ್ತರ: ಮುಂಗಾರು ಬೆಂಗಳೂರಿಗೆ ಬರುವ ಜೂನ್‌ನಿಂದ ಹಿಂಗಾರು ತಗ್ಗುವ ನವೆಂಬರ್‌ವರೆಗೆ ಈ ಪ್ರಶ್ನೆ, ನಾಯಿಯ ತಳಿ ಮತ್ತು ವಯಸ್ಸು ಮಾತ್ರ ಬದಲಾಗಿ, ನನ್ನ ಮುಂದೆ ಮತ್ತೆ ಮತ್ತೆ ಬರುತ್ತದೆ. ಚಿಕಿತ್ಸೆಯ ಮೇಜಿನ ಬಳಿಯೂ ಫೋನಿನಲ್ಲಿಯೂ ಎಷ್ಟೋ ಬಾರಿ ಹೇಳಿದ ಉತ್ತರವನ್ನು ಈ ಸಲ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ. ಕೊನೆಯ ವಾಕ್ಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಇತ್ಯರ್ಥವಾಗದಿದ್ದರೆ ಉಳಿದುದನ್ನು ಹೇಳಿ ಫಲವಿಲ್ಲ. ಆ ಎಣ್ಣೆಯನ್ನು ಹಾಕಬೇಡಿ. ಒಂದು ಹನಿಯೂ ಬೇಡ.

ಈ ನಂಬಿಕೆ ಎಲ್ಲಿಂದ ಬಂದಿದೆ ಎಂಬುದು ನನಗೆ ತಿಳಿದಿದೆ, ಅದನ್ನು ಹೇಳುವ ಹಿರಿಯರ ಬಗ್ಗೆ ನನಗೆ ಗೌರವವೂ ಇದೆ. ನರಕ ಚತುರ್ದಶಿಯ ಬೆಳಗ್ಗೆ ಮೈಗೆ ಎಣ್ಣೆ ಹಚ್ಚಿ ನೀರೆರೆಯುವ ಮುನ್ನ ಮಕ್ಕಳ ಕಿವಿಗೂ ಎರಡು ಹನಿ ಬಿಡುವುದು, ನೆಗಡಿಯಾಗಿ ಕಿವಿ ನೋವು ಬಂದರೆ ಒಂದೆಸಳು ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸುವುದು ನಮ್ಮ ಮನೆಗಳಲ್ಲಿ ನಡೆದುಬಂದ ರೂಢಿ. ಮನುಷ್ಯರ ಮಟ್ಟಿಗೆ ಅದು ಸರಿಯೇ ತಪ್ಪೇ ಎಂಬುದನ್ನು ಕಿವಿ, ಮೂಗು, ಗಂಟಲು ತಜ್ಞರು ಹೇಳಲಿ. ನಾಯಿಯ ಕಿವಿಯ ರಚನೆಯೇ ಬೇರೆ. ನಮ್ಮ ಕಿವಿಯ ನಾಳ ಹೆಚ್ಚುಕಡಿಮೆ ನೇರವಾಗಿದೆ, ಅದರ ಉದ್ದ ಸುಮಾರು 2.5 ಸೆಂಟಿಮೀಟರ್. ನಾಯಿಯ ಕಿವಿನಾಳ ಮೊದಲು ಕೆಳಮುಖವಾಗಿ ಇಳಿದು, ಅನಂತರ ತಲೆಯ ಒಳಭಾಗದ ಕಡೆಗೆ ಅಡ್ಡಲಾಗಿ ತಿರುಗುತ್ತದೆ. ಲ್ಯಾಬ್ರಡಾರ್‌ನಂಥ ದೊಡ್ಡ ನಾಯಿಯಲ್ಲಿ ಅದರ ಉದ್ದ ನಮ್ಮದರ ಎರಡು ಪಟ್ಟಿಗೂ ಹೆಚ್ಚು. ಅಡುಗೆಮನೆಯ ಸಿಂಕಿನ ಕೆಳಗೆ ಬಾಗಿರುವ ಪೈಪನ್ನು ನೆನಪಿಸಿಕೊಂಡರೆ ಸಾಕು. ಆ ಪೈಪಿನಲ್ಲಿ ಜಿಡ್ಡು ಎಲ್ಲಿ ಕಟ್ಟಿಕೊಳ್ಳುತ್ತದೆಯೋ ನಾಯಿಯ ಕಿವಿಯಲ್ಲಿಯೂ ಎಣ್ಣೆ ಅಲ್ಲಿಯೇ, ತಿರುವಿನಲ್ಲಿ, ನಿಲ್ಲುತ್ತದೆ. ಅದು ಆರುವುದಿಲ್ಲ, ಅದರ ಅಡಿಯಲ್ಲಿ ಸಿಲುಕಿದ ತೇವವನ್ನು ಆರಲೂ ಬಿಡುವುದಿಲ್ಲ.

ಇನ್ನು ಒಳಗೆ ಏನಿದೆ ಎಂಬ ಮಾತು. ಜೋಲುಕಿವಿಯ ನಾಯಿಗಳಲ್ಲಿ ನಾವು ಬಹಳ ಸಲ ಕಾಣುವುದು ಮಲಸೇಜಿಯಾ ಎಂಬ ಯೀಸ್ಟ್. ಕಂದು ಬಣ್ಣದ ಗುಗ್ಗೆ ಮತ್ತು ಹುಳಿ ಹಿಟ್ಟಿನಂಥ ವಾಸನೆ ಬಂದರೆ ಮೊದಲ ಸಂಶಯ ಅದರ ಮೇಲೆಯೇ. ಈ ಯೀಸ್ಟ್ ಚರ್ಮದ ಜಿಡ್ಡನ್ನು ಉಂಡು ಬದುಕುವಂಥದ್ದು. ಅದಕ್ಕೆ ಬೇಕಾದದ್ದು ಜಿಡ್ಡು, ತೇವ ಮತ್ತು ಬೆಚ್ಚನೆಯ ಜಾಗ. ನೀವು ಈ ಮೂರನ್ನೂ ಒಟ್ಟಿಗೆ ಒದಗಿಸುತ್ತಿದ್ದೀರಿ. ಕೊಬ್ಬರಿ ಎಣ್ಣೆಯಲ್ಲಿ ಲಾರಿಕ್ ಆಮ್ಲವಿದೆ, ಅದು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ ಎಂದು ಓದಿಕೊಂಡು ಬರುವವರೂ ಇದ್ದಾರೆ. ಪ್ರಯೋಗಾಲಯದಲ್ಲಿ ಬಿಡಿಯಾದ ಲಾರಿಕ್ ಆಮ್ಲಕ್ಕೆ ಆ ಗುಣವಿರುವುದು ನಿಜ. ಆದರೆ ಸೀಸೆಯಲ್ಲಿರುವ ಎಣ್ಣೆಯಲ್ಲಿ ಅದರ ಬಹುಪಾಲು ಗ್ಲಿಸರಾಲ್‌ಗೆ ಬಂಧಿತವಾಗಿ ಕೊಬ್ಬಿನ ರೂಪದಲ್ಲಿಯೇ ಇರುತ್ತದೆ. ವೈದ್ಯರು ಕೊಟ್ಟ ಔಷಧವೂ ಎಣ್ಣೆಯಂತೆಯೇ ಇದೆಯಲ್ಲ ಎಂಬುದು ಅವರ ಮುಂದಿನ ಪ್ರಶ್ನೆ. ಅಂಥ ಹಲವು ಔಷಧಗಳಲ್ಲಿರುವುದು ಖನಿಜ ತೈಲ. ಅದರಲ್ಲಿ ಯೀಸ್ಟ್ ಉಣ್ಣಬಲ್ಲ ಕೊಬ್ಬಿನ ಆಮ್ಲಗಳಿಲ್ಲ. ಜೊತೆಗೆ ಯೀಸ್ಟನ್ನು, ಬ್ಯಾಕ್ಟೀರಿಯಾವನ್ನು ಮತ್ತು ಊತವನ್ನು ತಗ್ಗಿಸುವ ಅಂಶಗಳು ಅಳತೆಯಿಟ್ಟು ಬೆರೆತಿರುತ್ತವೆ.

ಬೆಳ್ಳುಳ್ಳಿಯ ಕಥೆ ಇದಕ್ಕಿಂತ ಕೆಟ್ಟದ್ದು. ಹಸಿ ಬೆಳ್ಳುಳ್ಳಿಯನ್ನು ಚರ್ಮಕ್ಕೆ ಉಜ್ಜಿದರೆ ಉರಿಯುತ್ತದೆ. ಸೋಂಕಿನಿಂದ ಈಗಾಗಲೇ ಸುಲಿದಂತಾಗಿರುವ ಕಿವಿಯ ಒಳಚರ್ಮಕ್ಕೆ ಅದರ ರಸ ತಗುಲಿದರೆ ಹೇಗಿರಬಹುದೆಂದು ಯೋಚಿಸಿ. ನಾಯಿ ತಲೆ ಕೊಡವುತ್ತದೆ, ಕಾಲಿನಿಂದ ಕಿವಿ ಕೆರೆಯುತ್ತದೆ, ಆಮೇಲೆ ಆ ಕಾಲನ್ನು ನೆಕ್ಕುತ್ತದೆ. ಈರುಳ್ಳಿ, ಬೆಳ್ಳುಳ್ಳಿಗಳ ಜಾತಿಯೇ ನಾಯಿಗಳ ಕೆಂಪು ರಕ್ತಕಣಗಳನ್ನು ಒಡೆಯುವಂಥದ್ದು. ಒಂದೆರಡು ನೆಕ್ಕಿನಿಂದ ನಾಯಿ ಸಾಯುವುದಿಲ್ಲ, ಆದರೆ ದಿನಕ್ಕೆರಡು ಬಾರಿ ಅದನ್ನು ಮೈಮೇಲೆ ಸುರಿಯಲು ಯಾವ ಕಾರಣವೂ ಇಲ್ಲ. ಕಿವಿತಮಟೆ ಹರಿದಿದ್ದರಂತೂ, ಅದು ಹೊರಗಿನಿಂದ ನಿಮಗೆ ಕಾಣುವುದೇ ಇಲ್ಲ, ಎಣ್ಣೆ ನಡುಗಿವಿಗೆ ಇಳಿಯುತ್ತದೆ. ಅಂಥ ನಾಯಿ ತಲೆಯನ್ನು ಒಂದು ಕಡೆಗೆ ವಾಲಿಸಿಕೊಂಡು, ಗೋಡೆ ಹಿಡಿದು ನಡೆಯುತ್ತಾ ನನ್ನ ಬಳಿ ಬರುತ್ತದೆ.

ಹಾಗಿದ್ದರೆ ಎಣ್ಣೆ ಬಿಟ್ಟ ಮೇಲೆ ನಮ್ಮ ನಾಯಿ ಎರಡು ದಿನ ತಲೆ ಕೊಡವಲೇ ಇಲ್ಲವಲ್ಲ ಎಂದು ಕೇಳುತ್ತೀರಿ. ಒಣಗಿ ಗಟ್ಟಿಯಾದ ಗುಗ್ಗೆ ಎಣ್ಣೆಯಲ್ಲಿ ನೆನೆದು ಮೆತ್ತಗಾಗುವುದರಿಂದ ಆ ಎರಡು ದಿನ ನವೆ ತಗ್ಗುತ್ತದೆ. ಮರಿಗಳಲ್ಲಿ ಕಿವಿಯ ನುಸಿ ಇದ್ದರೆ ಎಣ್ಣೆಯಲ್ಲಿ ಕೆಲವು ಉಸಿರುಗಟ್ಟಿ ಸಾಯುವುದೂ ಉಂಟು. ಈ ಎರಡು ದಿನದ ನೆಮ್ಮದಿಯೇ ಈ ನಂಬಿಕೆಯನ್ನು ಇಷ್ಟು ಕಾಲ ಬದುಕಿಸಿದೆ. ಮೂರನೆಯ ದಿನ ಸೋಂಕು ಮೊದಲಿಗಿಂತ ಆಳದಲ್ಲಿರುತ್ತದೆ, ಮತ್ತು ವೈದ್ಯರು ಹತ್ತಿಯಲ್ಲಿ ಒರೆಸಿ ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಬೇಕೆಂದರೆ ಅಲ್ಲಿ ಎಣ್ಣೆಯ ಗುಳ್ಳೆಗಳೇ ತುಂಬಿರುತ್ತವೆ. ಒಮ್ಮೆ ಹೀಗೆಯೇ ಹದಿನೈದು ದಿನ ಎಣ್ಣೆ ಹಾಕಿಸಿಕೊಂಡ ಕಾಕರ್ ಸ್ಪ್ಯಾನಿಯಲ್ ಒಂದು ತಲೆ ಕೊಡವಿ ಕೊಡವಿ, ಕಿವಿಯ ಹಾಲೆಯೊಳಗಿನ ರಕ್ತನಾಳ ಒಡೆದು, ಹಾಲೆ ಪೂರಿಯಂತೆ ಉಬ್ಬಿಕೊಂಡು ಬಂದಿತ್ತು. ಹನಿಯಲ್ಲಿ ಮುಗಿಯಬೇಕಾದ ಕಾಯಿಲೆ ಶಸ್ತ್ರಚಿಕಿತ್ಸೆಯಲ್ಲಿ ಮುಗಿಯಿತು. ಆ ಮನೆಯವರು ನಾಯಿಯನ್ನು ಪ್ರೀತಿಸುತ್ತಿರಲಿಲ್ಲವೆಂದು ಯಾರೂ ಹೇಳಲಾರರು.

ಈಗ ಮಂಚದ ಕೆಳಗಿರುವ ನಿಮ್ಮ ಲ್ಯಾಬ್ರಡಾರ್ ವಿಷಯ. ಅದು ಹಟಮಾರಿಯಲ್ಲ, ಕಿವಿ ನೋಯುತ್ತಿದೆ, ನೋವಿಗೂ ಬಾಟಲಿಗೂ ಅದು ಗಂಟು ಹಾಕಿಕೊಂಡಿದೆ. ಆ ಗಂಟನ್ನು ಬಿಚ್ಚಲು ಬಾಟಲಿಯನ್ನು ಔಷಧದ ಹೊತ್ತಿನಲ್ಲಿ ಮಾತ್ರ ಹೊರತೆಗೆಯುವುದನ್ನು ಮೊದಲು ನಿಲ್ಲಿಸಿ. ದಿನದಲ್ಲಿ ಹತ್ತು ಸಲ ಬಾಟಲಿಯನ್ನು ತೋರಿಸಿ, ಒಂದು ಚೂರು ಬೇಯಿಸಿದ ಕೋಳಿಯನ್ನೋ ಮೊಟ್ಟೆಯನ್ನೋ ಕೊಟ್ಟು, ಬಾಟಲಿಯನ್ನು ಒಳಗಿಡಿ. ಕೆಲವು ಸಲ ಕಿವಿಯನ್ನು ಮುಟ್ಟಿ ಬಿಡಿ, ಅಷ್ಟೇ. ಸ್ನಾನದ ಮನೆಯಲ್ಲಿ ಔಷಧ ಹಾಕಬೇಡಿ, ಅದು ಮಲಗುವ ಜಾಗದಲ್ಲಿಯೂ ಬೇಡ. ನಮ್ಮ ಅಪಾರ್ಟ್‌ಮೆಂಟುಗಳ ನುಣುಪಾದ ಟೈಲ್ಸ್ ಮೇಲೆ ನಾಯಿಯ ಕಾಲು ಜಾರುತ್ತದೆ, ಜಾರುವ ನಾಯಿ ಮೊದಲೇ ಗಾಬರಿಯಾಗಿರುತ್ತದೆ; ಆದ್ದರಿಂದ ಗೋಡೆಯ ಮೂಲೆಯಲ್ಲಿ ಯೋಗದ ಮ್ಯಾಟ್ ಒಂದನ್ನು ಹಾಸಿ ಅದರ ಮೇಲೆ ಕೂರಿಸಿ.

ಇಬ್ಬರು ಬೇಕು. ಸ್ಟೀಲ್ ತಟ್ಟೆಗೆ ಗಟ್ಟಿ ಮೊಸರನ್ನು ತೆಳ್ಳಗೆ ಬಳಿದು ಒಬ್ಬರು ನಾಯಿಯ ಮೂಗಿನ ಎತ್ತರಕ್ಕೆ ಹಿಡಿಯಲಿ. ಇನ್ನೊಬ್ಬರು ಎದುರಿನಲ್ಲಿ ನಿಂತು ಬಾಗದೆ ಪಕ್ಕದಲ್ಲಿ ಕುಳಿತುಕೊಳ್ಳಲಿ. ಬಾಟಲಿಯನ್ನು ಐದು ನಿಮಿಷ ಅಂಗೈಯಲ್ಲಿ ಹಿಡಿದುಕೊಂಡಿರಿ. ತಣ್ಣನೆಯ ದ್ರವ ಒಳಗಿಳಿದರೆ ನಾಯಿಗೆ ತಲೆ ಸುತ್ತಿದಂತಾಗುತ್ತದೆ, ಆದರೆ ಬಿಸಿ ನೀರಿನಲ್ಲಿಟ್ಟು ಕಾಯಿಸುವುದೂ ತಪ್ಪು. ಕಿವಿ ತೊಳೆಯುವ ದ್ರವವನ್ನೂ ಬರೆದುಕೊಟ್ಟಿದ್ದರೆ ಅದನ್ನು ಮೊದಲು ಹಾಕಿ, ಹತ್ತು ನಿಮಿಷ ಬಿಟ್ಟು ಔಷಧ ಹಾಕಿ. ಹಾಲೆಯನ್ನು ಮೇಲಕ್ಕೆತ್ತಿ ಹಿಡಿದರೆ ನಾಳ ನೇರವಾಗುತ್ತದೆ. ಬಾಟಲಿಯ ತುದಿ ಕಿವಿಯ ಬಾಯಿಯಲ್ಲಿದ್ದರೆ ಸಾಕು. ತಮಟೆ ತಿರುವಿನಾಚೆ ಇರುವುದರಿಂದ ಅಷ್ಟಕ್ಕೆ ಅದು ತಗಲುವುದಿಲ್ಲ. ಈ ಭಯದಿಂದಲೇ ಹೊರಗೆ ಎರಡು ಹನಿ ಬಿಟ್ಟು ಸುಮ್ಮನಾಗುವವರು ಬಹಳ ಮಂದಿ. ಆ ಹನಿಗಳು ಕೂದಲಲ್ಲಿಯೇ ಉಳಿಯುತ್ತವೆ. ಹೇಳಿದ ಪ್ರಮಾಣವನ್ನು ಪೂರ್ತಿ ಹಾಕಿ. ಆಮೇಲೆ ಕಿವಿಯ ಬುಡದಲ್ಲಿ ಬೆರಳಿಗೆ ಸಿಗುವ ಗಟ್ಟಿ ಕೊಳವೆಯನ್ನು ಅರ್ಧ ನಿಮಿಷ ಮೃದುವಾಗಿ ಒತ್ತಿ ನೀವಿ. ಪಚಪಚ ಎಂಬ ಸದ್ದು ಕೇಳಿದರೆ ಔಷಧ ತಿರುವನ್ನು ದಾಟುತ್ತಿದೆ ಎಂದು ಅರ್ಥ. ಅನಂತರ ಅದು ತಲೆ ಕೊಡವಲಿ, ಹೊರಗೆ ಬಂದದ್ದನ್ನು ಹತ್ತಿಯಿಂದ ಒರೆಸಿ. ಇಯರ್‌ಬಡ್ ಕಡ್ಡಿಯನ್ನು ಒಳಗೆ ತೂರಿಸಬೇಡಿ, ಅದು ಗುಗ್ಗೆಯನ್ನು ಇನ್ನಷ್ಟು ಒಳಗೆ ತಳ್ಳುತ್ತದೆ.

ಗುರುಗುಟ್ಟುವುದಕ್ಕೆ ಬೈಯಬೇಡಿ. ಬೈಸಿಕೊಂಡ ನಾಯಿ ಮುಂದಿನ ಸಲ ಗುರುಗುಟ್ಟದೆ ನೇರವಾಗಿ ಕಚ್ಚುತ್ತದೆ. ಕಚ್ಚುವ ಹಂತಕ್ಕೆ ಬಂದಿದ್ದರೆ ನಾಲ್ಕು ಜನ ಸೇರಿ ಅದುಮಿ ಹಿಡಿಯುವ ಬದಲು ವೈದ್ಯರಿಗೆ ಫೋನ್ ಮಾಡಿ. ನಾಯಿಗೆಂದೇ ಇರುವ ನೋವಿನ ಮಾತ್ರೆ ಕೊಡಬಹುದು, ಮಂಪರು ಬರಿಸಿ ಆಳದವರೆಗೆ ತೊಳೆಯಬಹುದು. ಆಮೇಲಿನ ದಿನಗಳು ಎಷ್ಟೋ ಸುಲಭವಾಗುತ್ತವೆ. ಮನೆಯಲ್ಲಿರುವ ಐಬುಪ್ರೊಫೆನ್ ನಾಯಿಗೆ ವಿಷ, ಅದನ್ನು ಕೊಡಬೇಡಿ. ಹಲ್ಲು ತಾಗಿದರೆ, ನಾಯಿಗೆ ಲಸಿಕೆ ಆಗಿದ್ದರೂ, ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ.

ನೀವು ಕೇಳದಿದ್ದರೂ ಒಂದು ಮಾತನ್ನು ಹೇಳಬೇಕು: ಈ ಸೋಂಕು ಕಳೆದ ವರ್ಷವೂ ಬಂದಿತ್ತೇ? ಬಂದಿದ್ದರೆ ನಾಯಿಯ ಪಾದಗಳನ್ನು ನೋಡಿ. ಬೆರಳುಗಳ ನಡುವಿನ ಕೂದಲು ಜೊಲ್ಲಿನಿಂದ ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ, ಹೊಟ್ಟೆಯ ಚರ್ಮ ಕೆಂಪಾಗಿದ್ದರೆ, ಕಾಯಿಲೆ ಕಿವಿಯದ್ದಷ್ಟೇ ಆಗಿರಲಾರದು. ಕಿವಿಯ ನಾಳದ ಒಳಗಿರುವುದೂ ಚರ್ಮವೇ. ಅಲರ್ಜಿಯಿಂದ ಮೈಯ ಚರ್ಮ ಉರಿದಾಗ ಕಿವಿಯ ಚರ್ಮವೂ ಊದಿಕೊಳ್ಳುತ್ತದೆ, ಗುಗ್ಗೆ ಹೆಚ್ಚುತ್ತದೆ, ಮಳೆಗಾಲದ ತೇವ ಉಳಿದ ಕೆಲಸವನ್ನು ಮಾಡುತ್ತದೆ. ಹನಿ ಹಾಕಿ ಯೀಸ್ಟನ್ನು ಕೊಂದರೂ ಅಲರ್ಜಿ ಅಲ್ಲೇ ಇರುವುದರಿಂದ ಮುಂದಿನ ಜೂನ್‌ಗೆ ಮತ್ತೆ ಅದೇ ಬಾಟಲಿ. ಕಾರಣ ಮನೆಯ ಧೂಳಿನ ನುಸಿಯಿರಬಹುದು, ಪರಾಗವಿರಬಹುದು, ಆಹಾರವೂ ಇರಬಹುದು. ಆಹಾರವನ್ನು ಪತ್ತೆ ಹಚ್ಚಲು ನಂಬಬಹುದಾದ ದಾರಿಯೆಂದರೆ ನಾಯಿ ಹಿಂದೆ ತಿನ್ನದ ಪ್ರೋಟೀನಿನ ಆಹಾರವನ್ನೋ, ವೈದ್ಯರು ಬರೆದುಕೊಡುವ ವಿಶೇಷ ಆಹಾರವನ್ನೋ ಕನಿಷ್ಠ 8 ವಾರ ಕೊಟ್ಟು ನೋಡುವುದು. ಆ ಅವಧಿಯಲ್ಲಿ ಮಗು ಎಸೆದ ಬಿಸ್ಕತ್ತಿನ ಚೂರೂ ಲೆಕ್ಕಕ್ಕೆ ಬರುತ್ತದೆ. ನಾಯಿಗಳಲ್ಲಿ ಆಹಾರದ ಅಲರ್ಜಿಗೆ ಹೆಚ್ಚಾಗಿ ಕಾರಣವಾಗುವವುಗಳಲ್ಲಿ ಕೋಳಿಯೂ ಹಾಲಿನ ಪದಾರ್ಥಗಳೂ ಸೇರಿವೆ. ಆದ್ದರಿಂದ ಆ ಪರೀಕ್ಷೆ ಆರಂಭಿಸಿದ ದಿನದಿಂದ ನಾನು ಮೇಲೆ ಹೇಳಿದ ಕೋಳಿಯ ಚೂರು, ತಟ್ಟೆಯ ಮೊಸರು ಎರಡನ್ನೂ ನಿಲ್ಲಿಸಿ, ಹೊಸ ಆಹಾರವನ್ನೇ ನೀರಿನಲ್ಲಿ ನೆನೆಸಿ ಅರೆದು ತಟ್ಟೆಗೆ ಬಳಿಯಿರಿ.